ಮೊದಲು ಕತ್ತರಿ, ಆಮೇಲೆ ಬಣ್ಣ: ಶನಿವಾರ, ಭಾನುವಾರದಲ್ಲಿ ಮುಗಿಯುವ ಗೂಡಿನ ಹಾರ

ರೇಷ್ಮೆ ಗೂಡಿನ ಹಾರ ಕಟ್ಟುವ ನಮ್ಮ ಶಿಡ್ಲಘಟ್ಟದ ಕಡೆಯವರಲ್ಲಿ ಐದು ಹಾರಕ್ಕೆ ಕನಿಷ್ಠ ಒಂದು ವಾರ ಬೇಕೆಂಬ ಮಾತು ಬಹಳ ಹಿಂದಿನಿಂದ ಇದೆ. ಇಡೀ ಗೂಡಿಗೆ ಬಣ್ಣ ಹಾಕಿ, ಒಣಗಿಸಿ, ನಂತರ ಕತ್ತರಿಸಿ, ಅಂಟು ಹಚ್ಚಿ ಹೂವು ಮಾಡುವ ಕ್ರಮದಲ್ಲಿ ಆ ಮಾತು ಸರಿಯೇ. ನಾನು ಕ್ರಮವನ್ನೇ ತಿರುಗಿಸಿ ಮೊದಲು ಕತ್ತರಿಸಿ ಆಮೇಲೆ ಬಣ್ಣಕ್ಕೆ ಹಾಕುತ್ತೇನೆಂದಾಗ, ಮೂವತ್ತು ವರ್ಷ ನೂಲು ಬಿಚ್ಚಿದ ಪಕ್ಕದ ಮನೆಯ ರೀಲರ್ ಒಬ್ಬರು, "ಬಿಸಿನೀರಿಗೆ ಬಿದ್ದ ಗೂಡು ನೂಲಾಗ್ತದೆ ಕಣಮ್ಮ, ಹೂವಾಗಲ್ಲ" ಎಂದಿದ್ದರು. ಈಗ ಶುಕ್ರವಾರ ರಾತ್ರಿ ಕತ್ತರಿ ಹಿಡಿದರೆ ಭಾನುವಾರ ಸಂಜೆಗೆ ಐದೂ ಹಾರಗಳು ಡಬ್ಬಿ ಸೇರುತ್ತವೆ. ಮೊನ್ನೆ ಅವರ ಮಗಳ ಶಾಲೆಯ ಬೀಳ್ಕೊಡುಗೆ ಸಮಾರಂಭಕ್ಕೆ ಹಾರ ಹೋದದ್ದೂ ನನ್ನ ಮನೆಯಿಂದಲೇ.

ಹಣದ ಲೆಕ್ಕ ಮೊದಲು ಹೇಳುತ್ತೇನೆ, ಏಕೆಂದರೆ ಹೊಸಬರು ಸೋಲುವುದು ಅಲ್ಲಿಯೇ. ಮಾರುಕಟ್ಟೆಯ ಹಸಿ ಗೂಡನ್ನು ಕೆಜಿಗೆ ಐನೂರರ ಮೇಲೆ ಕೊಟ್ಟು ತಂದರೆ ಸಿಗುವುದು ಸುಮಾರು 550ರಿಂದ 600 ಗೂಡು, ಅಂದರೆ ಒಂದಕ್ಕೆ ಹೆಚ್ಚುಕಡಿಮೆ ಒಂದು ರೂಪಾಯಿ. ಅದರೊಳಗಿನ ಕೋಶದ ಹುಳುವನ್ನು ತೆಗೆಯುವ ಕೆಲಸ, ವಾಸನೆ, ಹುಳು ಒಡೆದರೆ ಒಳಗೆಲ್ಲ ಹರಡುವ ಕಲೆ ಬೇರೆ. ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಿಂದ ಬರುವ, ಚಿಟ್ಟೆ ಹೊರಬಿದ್ದ ತೂತು ಗೂಡಿಗೆ ನಾನು ಕೊಟ್ಟದ್ದು ಕೆಜಿಗೆ ಎಂಟುನೂರು ರೂಪಾಯಿಯ ಆಸುಪಾಸು. ಬೆಲೆ ಕೇಳಿ ಹಿಂದೆ ಸರಿಯುವವರಿದ್ದಾರೆ, ಆದರೆ ಒಳಗೆ ಹುಳುವಿಲ್ಲದ ಕಾರಣ ಕೆಜಿಗೆ 2,500ರಷ್ಟು ಗೂಡು ತೂಗುತ್ತದೆ, ಒಂದಕ್ಕೆ ಮೂವತ್ತು ಪೈಸೆಯೂ ಚಿಲ್ಲರೆ. ಚಿಟ್ಟೆ ಹೊರಬರುವಾಗ ಬಿಡುವ ದ್ರವದಿಂದ ತೂತಿನ ಸುತ್ತ ಕಂದು ಕಲೆಯಿರುತ್ತದೆ. ಆ ತುದಿಯನ್ನು ಹೇಗಿದ್ದರೂ ಕತ್ತರಿಸಿ ಎಸೆಯುವುದರಿಂದ ನಷ್ಟವಿಲ್ಲ. ಒಂದು ಹಾರಕ್ಕೆ ನೂರರಷ್ಟು ಗೂಡು, ಮಣಿ, ಜರಿ ದಾರ, ತೆಳು ತಂತಿ, ಬಣ್ಣ ಎಲ್ಲ ಸೇರಿ ಎಂಬತ್ತು ತೊಂಬತ್ತು ರೂಪಾಯಿಯಾಗುತ್ತದೆ; ಊರಿನಲ್ಲಿ 250ಕ್ಕೆ, ರಾಜ್ಯೋತ್ಸವದ ತಿಂಗಳಿನಲ್ಲಿ 300ಕ್ಕೆ ಹೋಗುತ್ತದೆ.

ಇಡೀ ಗೂಡನ್ನು ಬಣ್ಣಕ್ಕೆ ಹಾಕುವ ಹಳೆಯ ವಿಧಾನದಲ್ಲಿ ನಾನು ಕಳೆದುಕೊಂಡ ಸಾಮಗ್ರಿ ಸಣ್ಣದಲ್ಲ. ಒಳಗೆ ಗಾಳಿ ತುಂಬಿದ ಗೂಡು ತೇಲುತ್ತದೆ. ಮುಳುಗಿಸಲು ತಟ್ಟೆ ಹೇರಿದರೆ ತಟ್ಟೆ ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲ. ತೂತಿನಿಂದ ಒಳನುಗ್ಗಿದ ನೀರು ಎರಡು ದಿನವಾದರೂ ಆರದು, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಬಣ್ಣ ಗಟ್ಟಿಯಾಗಲೆಂದು ಕುದಿಸಿದರೆ ಗೂಡನ್ನು ಬಿಗಿಯಾಗಿ ಹಿಡಿದಿರುವ ಸೆರಿಸಿನ್ ಎಂಬ ಅಂಟು ಕರಗಿ ಪದರಗಳು ಬಿಟ್ಟುಕೊಳ್ಳುತ್ತವೆ. ರೀಲರ್ ಹೇಳಿದ್ದು ಇದನ್ನೇ, ಕುದಿಯುವ ನೀರಿನ ಮಟ್ಟಿಗೆ ಅವರ ಮಾತು ನೂರಕ್ಕೆ ನೂರು ನಿಜ.

ಆದರೆ ಹಾರಕ್ಕೆ ಕುದಿಯುವ ನೀರೇ ಬೇಡ. ಹಾರವನ್ನು ಯಾರೂ ಒಗೆಯುವುದಿಲ್ಲ, ಮತ್ತು ಆ ಸೆರಿಸಿನ್ ಅಂಟೇ ಬಣ್ಣವನ್ನು ಬೇಗ ಹೀರುತ್ತದೆ. ರೇಷ್ಮೆಗೆ ಬಳಸುವ ಆಸಿಡ್ ಬಣ್ಣವನ್ನು, ಲೀಟರಿಗೆ ಎರಡು ಚಮಚದಷ್ಟು ವಿನೆಗರ್ ಬೆರೆತ, ಕೈ ಅದ್ದಿ ತಕ್ಷಣ ಹಿಂತೆಗೆಯುವಷ್ಟು ಮಾತ್ರ ಬಿಸಿಯಿರುವ ನೀರಿನಲ್ಲಿ ಕರಗಿಸಿ, ತುದಿ ಕತ್ತರಿಸಿ ಬಟ್ಟಲಿನಂತಾದ ಗೂಡುಗಳನ್ನು ಅರ್ಧ ಗಂಟೆ ಬಿಟ್ಟರೆ ಅವು ಮುಳುಗಿ ಒಳಗೂ ಹೊರಗೂ ಒಂದೇ ಸಮ ಬಣ್ಣ ಹಿಡಿಯುತ್ತವೆ. ನಮ್ಮ ಬೋರ್‌ವೆಲ್ ನೀರು ಇದಕ್ಕೆ ಶತ್ರು: ಅದರ ಗಡಸಿನಿಂದ ಬಣ್ಣ ಮಚ್ಚೆಮಚ್ಚೆಯಾಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದ ದಿನವೇ ಆ ತೊಂದರೆ ನಿಂತಿತು.

ಬಟ್ಟಲುಗಳು ಇನ್ನೂ ತುಸು ಹಸಿಯಿರುವಾಗಲೇ ಅಂಚನ್ನು ಬೆರಳಿನಿಂದ ಚಿವುಟಿ ದಳದ ಬಾಗು ಕೊಡಬೇಕು. ಮೆತ್ತಗಾದ ಸೆರಿಸಿನ್ ಒಣಗುತ್ತ ಮತ್ತೆ ಗಟ್ಟಿಯಾಗಿ ಪದರಗಳನ್ನೂ ಬಾಗನ್ನೂ ಹಾಗೆಯೇ ಹಿಡಿದುಬಿಡುತ್ತದೆ. ಚಿವುಟುವ ಮುನ್ನ ಬೆರಳಿಗೆ ನಾನು ಹಚ್ಚಿಕೊಳ್ಳುವ ನೀರಿನಲ್ಲಿ ಏನಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹಾರದ ಗುರುತು. ಒಣಗಿಸಲು, ಹುಳು ಗೂಡು ಕಟ್ಟಲೆಂದು ಬಳಸುವ ಚಂದ್ರಿಕೆಯನ್ನು, ಹಳೆಯ ಪ್ಲಾಸ್ಟಿಕ್‌ನದನ್ನು, ಎರಡು ಕುರ್ಚಿಗಳ ಮೇಲೆ ಅಡ್ಡಹಾಕಿ ಕೆಳಗೆ ಟೇಬಲ್ ಫ್ಯಾನ್ ಇಡುತ್ತೇನೆ. ಬೆಳಿಗ್ಗೆ ಹರಡಿದ್ದು ಸಂಜೆಗೆ ಗರಿಗರಿಯಾಗಿರುತ್ತದೆ. ಬಿಸಿಲಿಗೆ ಇಡಬಾರದು.

ಅಂಟನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಬಿಳಿ ಅಂಟು ಒಂದು ರಾತ್ರಿ ತಿನ್ನುತ್ತದೆ, ಗ್ಲೂ ಗನ್ ಕರೆಂಟ್ ಹೋದರೆ ಕೈಕೊಡುತ್ತದೆ ಮತ್ತು ಬೇಸಿಗೆಯಲ್ಲಿ ಕಾರಿನೊಳಗಿಟ್ಟ ಹಾರದ ಹೂವುಗಳನ್ನು ಉದುರಿಸುತ್ತದೆ. ಮಣಿಯೊಳಗೆ ತೆಳು ತಂತಿ ಪೋಣಿಸಿ, ಎರಡು ಮೂರು ಬಟ್ಟಲುಗಳ ನಡುವೆ ಹಾಯಿಸಿ ಹಿಂದೆ ತಿರುಚಿದರೆ ಹೂವು ಅಲ್ಲಿಗೇ ಮುಗಿಯಿತು. ಶನಿವಾರ ರಾತ್ರಿ ಈ ಕೆಲಸ, ಭಾನುವಾರ ಬರೀ ಪೋಣಿಸುವುದು.

ಬಣ್ಣದ ಅಂಗಡಿಗೆ ಹೋಗದೆ ಮಾಡಿದ ಪ್ರಯೋಗಗಳೂ ಇವೆ. ಅರಿಶಿನ ಮೊದಲ ದಿನ ಬಂಗಾರದಂತೆ ಹೊಳೆದು ಬೆಳಕಿಗೆ ಕೆಲವೇ ವಾರಗಳಲ್ಲಿ ಮಂಕಾಯಿತು. ಪಟಿಕದ ನೀರಿನಲ್ಲಿ ನೆನೆಸಿದ ಬಟ್ಟಲಿಗೆ ಈರುಳ್ಳಿ ಸಿಪ್ಪೆ ಕೊಟ್ಟ ಕಂದು ಹೊನ್ನಿನ ಬಣ್ಣ ಚೆನ್ನಾಗಿ ನಿಂತಿದೆ, ದಾಳಿಂಬೆ ಸಿಪ್ಪೆಯ ರಸಕ್ಕೆ ತುಕ್ಕು ಮೊಳೆ ಹಾಕಿದಾಗ ಬಂದ ಬೂದು ಬಣ್ಣವನ್ನು ಬೆಂಗಳೂರಿನ ಗಿರಾಕಿಯೊಬ್ಬರು ಕೇಳಿ ಕೇಳಿ ತರಿಸಿಕೊಳ್ಳುತ್ತಾರೆ. ಮಕ್ಕಳಿಗೆ ಕಲಿಸುವಾಗ ಮಿಠಾಯಿಗೆ ಹಾಕುವ ಬಣ್ಣ ಮತ್ತು ನಿಂಬೆರಸವೇ ಸಾಕು. ಮಿಶ್ರತಳಿಯ ಹಳದಿ ಗೂಡಿಗೆ ಬಣ್ಣವೇ ಬೇಡವೆಂದು ಹೇಳುವವರಿದ್ದಾರೆ, ಆದರೆ ಆ ಹಳದಿ ಬಹುಪಾಲು ಇರುವುದು ಸೆರಿಸಿನ್‌ನಲ್ಲಿ, ಬಿಸಿಲಿಗೆ ಅದೂ ಮಾಸುತ್ತದೆ. ನಾನು ಬೈವೋಲ್ಟೀನ್ ಎಂಬ ತಳಿಯ ಬಿಳಿ ಗೂಡನ್ನೇ ಆರಿಸುತ್ತೇನೆ.

ಒಂದು ಎಚ್ಚರಿಕೆ. ತೂತು ಗೂಡಿನೊಳಗೆ ಹುಳು ಕಳಚಿದ ಒಣ ಪೊರೆ ಉಳಿದಿರುತ್ತದೆ, ಅದನ್ನು ಕೊಡವದೆ ಕಟ್ಟಿದ ಹಾರಕ್ಕೆ ಕಂದು ಬಣ್ಣದ ಪುಟ್ಟ ಜೀರುಂಡೆ ಬಿದ್ದು ದಳಗಳನ್ನು ಕೊರೆಯುತ್ತದೆ. ಕತ್ತರಿಸಿದ ತಕ್ಷಣ ಬಟ್ಟಲನ್ನು ಬೋರಲು ಹಾಕಿ ತಟ್ಟಿದರೆ ಪೊರೆ ಉದುರುತ್ತದೆ. ಇಡೀ ಗೂಡಿಗೆ ಬಣ್ಣ ಹಾಕುವವರಿಗೆ ಈ ಅವಕಾಶ ಒದ್ದೆಯಾದ ಮೇಲೆ ಮಾತ್ರ ಸಿಗುತ್ತದೆ, ಆಗ ಪೊರೆ ಒಳಗೋಡೆಗೆ ಅಂಟಿಕೊಂಡಿರುತ್ತದೆ. ಶುಕ್ರವಾರ ರಾತ್ರಿ ಇಬ್ಬರು ಕುಳಿತರೆ ಐನೂರು ಗೂಡು ಕತ್ತರಿಸಿ ತಟ್ಟಲು ಎರಡು ಗಂಟೆ ಸಾಕು. ಶನಿವಾರ ಮಧ್ಯಾಹ್ನದ ಮೇಲೆ ಸೋಮವಾರಕ್ಕೆಂದು ಬರುವ ಬೇಡಿಕೆಯನ್ನು ಮಾತ್ರ ನಾನು ಒಪ್ಪಿಕೊಳ್ಳುವುದಿಲ್ಲ, ಒಂದು ಹಗಲಿನ ಒಣಗುವಿಕೆಯನ್ನು ಕಡಿಮೆ ಮಾಡುವ ದಾರಿ ನನಗೆ ಇನ್ನೂ ಸಿಕ್ಕಿಲ್ಲ.