ಎಂಡೊಮೆಟ್ರಿಯೋಸಿಸ್ ಆಪರೇಷನ್ ಆದ ಮೇಲೂ ನೋವು ಬಿಡದಿದ್ದರೆ

ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೆಯುವ ರೋಗ ಎಂಡೊಮೆಟ್ರಿಯೋಸಿಸ್. ಅದಕ್ಕೆ ಲ್ಯಾಪರೊಸ್ಕೋಪಿ (ಸಣ್ಣ ರಂಧ್ರಗಳ ಮೂಲಕ ಮಾಡುವ ಆಪರೇಷನ್) ಮಾಡಿಸಿಕೊಂಡು ಬಂದ ಮೇಲೂ ಹೊಟ್ಟೆನೋವು ಉಳಿದರೆ ಮನೆಯವರ ತಲೆಗೆ ಬರುವುದು ಎರಡೇ ಕಾರಣ: ಆಪರೇಷನ್ ಸರಿಯಾಗಲಿಲ್ಲ, ಇಲ್ಲವೇ ರೋಗ ಮತ್ತೆ ಬಂತು. ಎರಡೂ ಆಗುತ್ತವೆ. ಆದರೆ ಇನ್ನೂ ಕೆಲವು ಕಾರಣಗಳನ್ನು ಯಾರೂ ಹುಡುಕಿ ನೋಡುವುದೇ ಇಲ್ಲ. ಅಂಥದ್ದೇ ಪದರ ಗರ್ಭಕೋಶದ ಗೋಡೆಯೊಳಗೇ ಬೆಳೆಯುವ ಅಡೆನೊಮಯೋಸಿಸ್ ಇರಬಹುದು. ವರ್ಷಗಟ್ಟಲೆ ನೋವಿಗೆ ಬಿಗಿಹಿಡಿದು, ಸಡಿಲವಾಗುವುದನ್ನೇ ಮರೆತ ಸೊಂಟದ ತಳದ ಸ್ನಾಯುಗಳಿರಬಹುದು. ಕರುಳು, ಮೂತ್ರಕೋಶ, ಆಪರೇಷನ್ ಆದ ಮೇಲೆ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಂಡದ್ದು, ಸಣ್ಣ ನೋವನ್ನೂ ದೊಡ್ಡದು ಮಾಡಿ ತೋರಿಸುವ ಹಂತಕ್ಕೆ ಹೋದ ನರಗಳು, ಇವೂ ಇರಬಹುದು. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಹಾಗಾಗಿ ಮೊದಲ ಕೆಲಸ ಹೊಸ ಮಾತ್ರೆ ಕೇಳುವುದಲ್ಲ, ನೋವನ್ನು ಬಿಡಿಸಿ ನೋಡುವುದು.

ಯಾವುದು ಗಾಯದ ನೋವು, ಯಾವುದು ಹಳೆಯ ನೋವು

ಆಪರೇಷನ್ ಆದ ಎರಡು ಮೂರು ದಿನ ಭುಜದ ಹತ್ತಿರ ನೋವು ಬರುವುದು ಹೊಟ್ಟೆಗೆ ತುಂಬಿದ ಗ್ಯಾಸಿನಿಂದ. ಎದ್ದು ಓಡಾಡಿದರೆ ಇಳಿಯುತ್ತದೆ. ಒಳಗಿನ ಗಾಯ ಮಾಯಲು ಆರರಿಂದ ಎಂಟು ವಾರ ಬೇಕು. ಆಮೇಲಿನ ಮೊದಲ ಒಂದೆರಡು ಮುಟ್ಟು ಹಿಂದಿನದಕ್ಕಿಂತ ಜಾಸ್ತಿ ನೋಯಬಹುದು. ಅದನ್ನು ನೋಡಿ ರೋಗ ಮರಳಿತೆಂದು ತೀರ್ಮಾನಿಸಬೇಡಿ. ಮೂರು ತಿಂಗಳು ದಾಟಿದರೂ ನೋವು ಇದ್ದರೆ ಅಥವಾ ಚೆನ್ನಾಗಿದ್ದು ಮತ್ತೆ ಶುರುವಾದರೆ ಆಗ ಹುಡುಕಲು ಕೂರಬೇಕು.

ಒಂದು ನೋಟ್‌ಬುಕ್ ಇಡಿ. ಮೊಬೈಲ್ ಆಪ್ ಬೇಕಾಗಿಲ್ಲ. ದಿನಕ್ಕೆ ಒಂದೇ ಸಾಲು ಸಾಕು, ಆದರೆ ಸಾಲಿನಲ್ಲಿ ಐದು ವಿಷಯ ಇರಲಿ: ಮುಟ್ಟಾಗಿ ಎಷ್ಟನೇ ದಿನ, ನೋವು ಎಲ್ಲಿ, ಏನು ಮಾಡುವಾಗ, ಹತ್ತಕ್ಕೆ ಎಷ್ಟು, ಏನು ತೆಗೆದುಕೊಂಡಿರಿ ಮತ್ತು ಎಷ್ಟು ಹೊತ್ತಿಗೆ ಇಳಿಯಿತು. ಹೀಗೆ: "12ನೇ ದಿನ, ಬೆಳಿಗ್ಗೆ ಸಂಡಾಸಿಗೆ ಹೋದಾಗ, ಒಳಗೆ ಬಲಗಡೆ ಚುಚ್ಚು, 7. ತಿಂಡಿ ತಿಂದು ಮೆಫ್ಟಾಲ್ 1. ಮುಕ್ಕಾಲು ಗಂಟೆಗೆ 4." ಎರಡು ಮುಟ್ಟಿನಷ್ಟು ಕಾಲ ಬರೆದರೆ ಚಿತ್ರ ತಾನೇ ಕಾಣುತ್ತದೆ.

ಮುಟ್ಟಿನ ದಿನಗಳಲ್ಲೇ ನೋವು ಏರಿ, ರಕ್ತವೂ ಜಾಸ್ತಿ ಹೋಗಿ, ಗರ್ಭಕೋಶ ಊದಿದಂತೆ ಭಾರವಾಗಿದ್ದರೆ ಅಡೆನೊಮಯೋಸಿಸ್ ಅನುಮಾನ. ಮುಟ್ಟಿನಲ್ಲಿ ಮಲ ಹೋಗುವಾಗ ಚೂರಿ ಹಾಕಿದಂತಿದ್ದರೆ ಗರ್ಭಕೋಶ ಮತ್ತು ಗುದನಾಳದ ನಡುವೆ ಆಳದ ಗಂಟು ಉಳಿದಿರಬಹುದು. ತಿಂಗಳ ಯಾವ ದಿನವಾದರೂ ಕೂತರೆ, ನಿಂತರೆ, ಸಂಭೋಗ ಮುಗಿದ ಮೇಲೆ ಗಂಟೆಗಟ್ಟಲೆ ನೋವು ಉಳಿದರೆ ಸ್ನಾಯುಗಳನ್ನು ಪರೀಕ್ಷಿಸಬೇಕು. ಮೂತ್ರಕೋಶ ತುಂಬಿದಾಗ ಏರಿ, ಖಾಲಿಯಾದರೆ ಇಳಿಯುವ ನೋವು ಮೂತ್ರಕೋಶದ್ದು. ಹೊಟ್ಟೆ ಉಬ್ಬರ, ಮಲಬದ್ಧತೆ ಮತ್ತು ಭೇದಿ ಅದಲು ಬದಲಾಗಿ ಬಂದರೆ ಕರುಳಿನದು. ಒಬ್ಬರಲ್ಲೇ ಎರಡು ಮೂರು ಸೇರಿರುವುದು ಸಾಮಾನ್ಯ.

ಇನ್ನೊಂದು ಕಟ್ಟು ಕಾಗದ ಸೇರಿಸಿಕೊಳ್ಳಿ: ಡಿಸ್ಚಾರ್ಜ್ ಸಮ್ಮರಿ ಮಾತ್ರ ಸಾಲದು, ಆಪರೇಷನ್ ನೋಟ್ಸ್, ಬಯಾಪ್ಸಿ ರಿಪೋರ್ಟ್, ಇದ್ದರೆ ವಿಡಿಯೊ. ಅದರಲ್ಲಿ ನೋಡಬೇಕಾದದ್ದು ಎಲ್ಲೆಲ್ಲಿ ರೋಗ ಇತ್ತು, ಕತ್ತರಿಸಿ ತೆಗೆದರೋ ಮೇಲಿಂದ ಸುಟ್ಟರೋ, ಏನನ್ನು ಮುಟ್ಟದೆ ಬಿಟ್ಟರು ಅನ್ನುವುದು. ಚಾಕೊಲೇಟ್ ಸಿಸ್ಟಿನ (ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಚೀಲ) ನೀರು ಹೀರಿ ತೆಗೆದು ಪೊರೆ ಬಿಟ್ಟಿದ್ದರೆ ಅದು ಮತ್ತೆ ತುಂಬುವ ಸಂಭವ ಹೆಚ್ಚು. "ಸ್ಟೇಜ್ 4" ಎಂದು ಬರೆದಿದ್ದರೆ ಗಾಬರಿ ಬೇಡ, "ಸ್ಟೇಜ್ 1" ಎಂದಿದ್ದರೆ ನಿಮ್ಮ ನೋವು ಸುಳ್ಳೂ ಅಲ್ಲ. ಸ್ಟೇಜಿಗೂ ನೋವಿನ ತೀವ್ರತೆಗೂ ತಾಳೆಯಿಲ್ಲ. ಸಿಎ-125 ರಕ್ತಪರೀಕ್ಷೆಯನ್ನು ಪದೇ ಪದೇ ಮಾಡಿಸುವುದರಿಂದಲೂ ನೋವಿನ ಕಾರಣ ತಿಳಿಯುವುದಿಲ್ಲ. ಆ ದುಡ್ಡು ಒಳ್ಳೆಯ ಸ್ಕ್ಯಾನಿಂಗಿಗೆ ಇರಲಿ.

ನೋವಿನ ಮಾತ್ರೆ: ತಪ್ಪುವುದು ಹೊತ್ತಿನಲ್ಲಿ

ಮೆಫೆನಮಿಕ್ ಆಸಿಡ್, ನ್ಯಾಪ್ರಾಕ್ಸೆನ್, ಐಬುಪ್ರೊಫೆನ್ ಇವೆಲ್ಲ ನೋವು ಹುಟ್ಟಿಸುವ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ಆಗಲೇ ತಯಾರಾಗಿ ಹರಡಿರುವುದನ್ನು ಅಳಿಸುವುದಿಲ್ಲ. ಹಲ್ಲುಕಚ್ಚಿ ತಡೆದು, ಆಗದೇ ಹೋದಾಗ ನುಂಗಿದರೆ "ಈ ಗುಳಿಗೆ ನನಗೆ ಹತ್ತಲ್ಲ" ಅನ್ನಿಸುವುದು ಇದಕ್ಕೇ. ಮುಟ್ಟಿನ ಸುಳಿವು ಸಿಕ್ಕ ಕೂಡಲೇ ಶುರು ಮಾಡಿ, ಮೊದಲ ಎರಡು ಮೂರು ದಿನ ಗಡಿಯಾರ ನೋಡಿ ತೆಗೆದುಕೊಳ್ಳಬೇಕು. ಮೆಫೆನಮಿಕ್ ಆಸಿಡ್ 500 ಮಿ.ಗ್ರಾಂ ದಿನಕ್ಕೆ ಮೂರು ಸಲ, ಊಟವಾದ ಮೇಲೆ, ಇದು ದೊಡ್ಡವರ ಸಾಮಾನ್ಯ ಪ್ರಮಾಣ. ಮೆಫ್ಟಾಲ್ ಸ್ಪಾಸ್ ಮಾತ್ರೆಯಲ್ಲಿ ಅದು 250 ಮಾತ್ರ ಇದೆ, ಜೊತೆಗೆ ಸೆಳೆತ ತಗ್ಗಿಸುವ ಡೈಸೈಕ್ಲೊಮಿನ್ 10 ಮಿ.ಗ್ರಾಂ. ಹಾಗಾಗಿ ಅಂಗಡಿಯವರು ಕೊಟ್ಟದ್ದು ಯಾವುದೆಂದು ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಹಿಂದೆ ಓದಿ.

ಈ ಗುಂಪಿನ ಎರಡು ಮಾತ್ರೆಗಳನ್ನು ಒಟ್ಟಿಗೆ ನುಂಗಬಾರದು. ಸಾಲದಿದ್ದರೆ ಪ್ಯಾರಾಸಿಟಮಾಲ್ 650 ಸೇರಿಸಬಹುದು, ಆರು ಗಂಟೆ ಅಂತರವಿಟ್ಟು ದಿನಕ್ಕೆ ನಾಲ್ಕು ಮೀರದಂತೆ. ಅಲ್ಸರ್, ಕಿಡ್ನಿ ತೊಂದರೆ, ಆಸ್ತಮಾ, ಬಿಪಿ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು. ನಮ್ಮ ಕಡೆ ಏಪ್ರಿಲ್-ಮೇ ಬಿಸಿಲಿನಲ್ಲಿ ನೀರು ಕಡಿಮೆ ಕುಡಿದು ಈ ಮಾತ್ರೆ ನುಂಗಿದರೆ ಕಿಡ್ನಿಗೆ ಹೊರೆ. ಮೆಫೆನಮಿಕ್ ಆಸಿಡ್‌ನಿಂದ ಅಪರೂಪಕ್ಕೆ ಗಂಭೀರ ಅಲರ್ಜಿಯಾಗುತ್ತದೆಂದು ಭಾರತೀಯ ಫಾರ್ಮಕೋಪಿಯ ಆಯೋಗ 2023ರ ನವೆಂಬರ್‌ನಲ್ಲಿ ಎಚ್ಚರಿಸಿದೆ. ಜ್ವರದ ಜೊತೆ ಮೈಮೇಲೆ ಗಂಧೆ ಎದ್ದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ.

ನರಗಳೇ ಕೆರಳಿರುವ ನೋವಿಗೆ ರಾತ್ರಿ ಹೊತ್ತು ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ ಕೊಡುವುದುಂಟು. ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರು ಇರುತ್ತದೆ, ಮಲ ಗಟ್ಟಿಯಾಗುತ್ತದೆ. ಮೊದಲೇ ಮಲಬದ್ಧತೆ ಇದ್ದವರು ಅದನ್ನು ಹೇಳಿಯೇ ತೆಗೆದುಕೊಳ್ಳಬೇಕು. ಗ್ಯಾಬಪೆಂಟಿನ್ ಧಾರಾಳವಾಗಿ ಬರೆಯುತ್ತಾರೆ. ಆದರೆ ಸ್ಪಷ್ಟ ಕಾರಣ ಕಾಣದ ಕಿಬ್ಬೊಟ್ಟೆ ನೋವಿನಲ್ಲಿ ಅದು ಹೋಲಿಕೆಗೆಂದು ಕೊಟ್ಟ ಔಷಧವಿಲ್ಲದ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲವೆಂದು 2020ರಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ತೋರಿಸಿತು. ಬಲವಾದ ನೋವಿನ ಮಾತ್ರೆ ಟ್ರಮಡಾಲ್ ರೂಢಿಯಾದರೆ ಬಿಡಿಸುವುದು ಕಷ್ಟ, ಕರುಳನ್ನೂ ಕಟ್ಟಿಹಾಕುತ್ತದೆ.

ಹಾರ್ಮೋನು ಚಿಕಿತ್ಸೆ ತೂಗಿ ನೋಡುವುದು

ಎಲ್ಲಕ್ಕಿಂತ ಮೊದಲಿನ ಪ್ರಶ್ನೆ ಒಂದೇ: ಸದ್ಯ ಮಗು ಬೇಕೇ? ಬೇಕಿದ್ದರೆ ಹಾರ್ಮೋನು ಬೇಡ. ಅವುಗಳಲ್ಲಿ ಹೆಚ್ಚಿನವು ಅಂಡೋತ್ಪತ್ತಿಯನ್ನೇ ತಡೆಯುತ್ತವೆ, ಆಪರೇಷನ್ ನಂತರ ಕೊಟ್ಟರೆ ಮುಂದೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುವುದೂ ಇಲ್ಲ. ಮಗು ಸದ್ಯಕ್ಕೆ ಬೇಡವೆಂದಾದರೆ ಆಪರೇಷನ್ ನಂತರ ಹಾರ್ಮೋನು ಮುಂದುವರಿಸುವುದೇ ನೋವು ಮರಳದಂತೆ ತಡೆಯುವ ದಾರಿ. ಯುರೋಪಿನ ತಜ್ಞರ 2022ರ ಮಾರ್ಗಸೂಚಿ ಇದಕ್ಕೆ ಕನಿಷ್ಠ 18ರಿಂದ 24 ತಿಂಗಳು ಎನ್ನುತ್ತದೆ. "ಮೂರು ತಿಂಗಳು ತಗೊಂಡೆ, ಚೆನ್ನಾಗಿದ್ದೀನಿ" ಎಂದು ಬಿಟ್ಟವರಲ್ಲಿ ನೋವು ತಿರುಗಿ ಬರುವುದು ಅಚ್ಚರಿಯೇನಲ್ಲ.

ಡೈನೊಜೆಸ್ಟ್ ಎಂಬ ಹಾರ್ಮೋನು ಮಾತ್ರೆ 2 ಮಿ.ಗ್ರಾಂ, ದಿನಾ ಒಂದು, ಒಂದೇ ಹೊತ್ತಿಗೆ, ನಡುವೆ ಬಿಡುವಿಲ್ಲದೆ. ರಾತ್ರಿ ಊಟದ ತಟ್ಟೆಯ ಜೊತೆ ಕಟ್ಟಿಕೊಂಡರೆ ಮರೆಯುವುದಿಲ್ಲ. ನುಂಗಿ ಮೂರು ನಾಲ್ಕು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತೆಗೆದುಕೊಳ್ಳಬೇಕು. ಮೊದಲ ಮೂರು ತಿಂಗಳು ಹನಿಹನಿ ರಕ್ತ ಯಾವಾಗೆಂದರೆ ಆವಾಗ ಕಾಣುತ್ತದೆ. ಬಹಳ ಜನ ಬಿಟ್ಟುಬಿಡುವುದು ಇಲ್ಲೇ. ತಡೆದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಆದರೆ ಮನಸ್ಸು ಕುಗ್ಗಿ, ಯಾವುದೂ ಬೇಡ ಅನ್ನಿಸುತ್ತಿದ್ದರೆ ಮೂರು ತಿಂಗಳು ಕಾಯಬೇಡಿ, ಕೂಡಲೇ ಹೇಳಿ. ಇದನ್ನು ಗರ್ಭನಿರೋಧಕ ಎಂದು ನಂಬಬೇಡಿ, ಕಾಂಡೋಮ್ ಬೇಕು. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಕಾರ್ಬಮಜೆಪಿನ್, ಫೆನಿಟಾಯಿನ್ ಜೊತೆ ಇದರ ಶಕ್ತಿ ತಗ್ಗುತ್ತದೆ.

ಎರಡು ಹಾರ್ಮೋನಿನ ಗರ್ಭನಿರೋಧಕ ಮಾತ್ರೆ ಅಗ್ಗ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಕೂಡ ಇದೇ ಜಾತಿ. ಅದರಲ್ಲಿ 21 ಹಾರ್ಮೋನಿನವು, 7 ಬರೀ ಕಬ್ಬಿಣದವು. ಮುಟ್ಟೇ ಆಗದಂತೆ ನಿರಂತರ ತೆಗೆದುಕೊಳ್ಳಿ ಎಂದು ವೈದ್ಯರು ಹೇಳಿದ್ದರೆ 21 ಮುಗಿದ ಮರುದಿನವೇ ಹೊಸ ಪಟ್ಟಿ ಒಡೆಯಬೇಕು. ಆ ಏಳನ್ನು ನುಂಗುತ್ತ ಕೂತರೆ ಮುಟ್ಟು ಬರುತ್ತದೆ, ನೋವೂ ಬರುತ್ತದೆ. ಕಣ್ಣಿಗೆ ಮಿಂಚು ಕಂಡು ಬರುವ ಮೈಗ್ರೇನ್, ಬಿಪಿ, ಹಿಂದೆ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೆ ಇದು ಆಗದು.

ಹಾರ್ಮೋನು ಬಿಡುವ ಐಯುಡಿ (ಗರ್ಭಕೋಶದೊಳಗೆ ಇಡುವ ಸಾಧನ), ಅಂದರೆ 52 ಮಿ.ಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುವುದು, ಅಡೆನೊಮಯೋಸಿಸ್ ಮತ್ತು ಹೆಚ್ಚು ರಕ್ತಸ್ರಾವ ಇದ್ದವರಿಗೆ ಒಳ್ಳೆಯ ಆಯ್ಕೆ. ಒಮ್ಮೆ ಹಾಕಿದರೆ ವರ್ಷಗಳ ಚಿಂತೆಯಿಲ್ಲ. ಆದರೆ ಅಂಡೋತ್ಪತ್ತಿಯನ್ನು ಪೂರ್ತಿ ನಿಲ್ಲಿಸುವುದಿಲ್ಲ, ಆದ್ದರಿಂದ ಚಾಕೊಲೇಟ್ ಸಿಸ್ಟ್ ಮರಳುವುದನ್ನು ತಡೆಯುವಲ್ಲಿ ಅಷ್ಟು ಗಟ್ಟಿಯಲ್ಲ. ಕಾಪರ್-ಟಿ ಇದಲ್ಲ. ಕಾಪರ್-ಟಿ ಹಾಕಿಸಿಕೊಂಡರೆ ರಕ್ತಸ್ರಾವವೂ ನೋವೂ ಹೆಚ್ಚಬಹುದು.

ಲ್ಯೂಪ್ರೊಲೈಡ್ ಇಂಜೆಕ್ಷನ್, ತಿಂಗಳಿಗೊಮ್ಮೆ 3.75 ಅಥವಾ ಮೂರು ತಿಂಗಳಿಗೊಮ್ಮೆ 11.25 ಮಿ.ಗ್ರಾಂ, ಇದು ಮೇಲಿನವು ಹತ್ತದಿದ್ದಾಗಿನ ಎರಡನೇ ಸಾಲಿನದು. ಮೊದಲ ಒಂದೆರಡು ವಾರ ನೋವು ಏರಬಹುದು, ಆಮೇಲೆ ಇಳಿಯುತ್ತದೆ. ಮುಟ್ಟು ನಿಂತವರಂತೆ ಮೈಬಿಸಿ, ಬೆವರು, ನಿದ್ರೆಗೇಡು ಬರುತ್ತದೆ, ಮೂಳೆ ಸವೆಯುತ್ತದೆ. ಜೊತೆಗೆ ಸಣ್ಣ ಪ್ರಮಾಣದ ಹಾರ್ಮೋನನ್ನು ಮರಳಿ ಕೊಟ್ಟರೆ ಇವು ತಗ್ಗುತ್ತವೆ, ನೋವಿನ ಮೇಲಿನ ಲಾಭ ಹೋಗುವುದಿಲ್ಲ. ಅದನ್ನು ಬರೆಯದಿದ್ದರೆ ನೀವೇ ಕೇಳಿ. ಹಾಗೆ ಕೊಡದೆ ಆರು ತಿಂಗಳು ಮೀರಬಾರದು.

ಯಾವುದನ್ನೇ ಶುರು ಮಾಡಿದರೂ ಮೂರು ತಿಂಗಳಾದ ಮೇಲೆ ನೋಟ್‌ಬುಕ್ಕಿನ ಹಳೆಯ ಅಂಕ, ಹೊಸ ಅಂಕ ಎದುರುಬದುರು ಇಡಿ. ಹತ್ತರಲ್ಲಿ ಎರಡು ಅಂಕ ಇಳಿದಿದ್ದರೂ ಔಷಧ ಕೆಲಸ ಮಾಡುತ್ತಿದೆ ಎಂದೇ ಲೆಕ್ಕ. ಸೊನ್ನೆಯಾಗಲಿಲ್ಲವೆಂದು ಬಿಡುವುದು ದುಡುಕು.

ಸ್ನಾಯು, ಕರುಳು, ಶಾಖ

ಯೂಟ್ಯೂಬ್ ನೋಡಿ ಕೆಗೆಲ್ (ಸೊಂಟದ ತಳದ ಸ್ನಾಯು ಬಿಗಿಹಿಡಿಯುವ ವ್ಯಾಯಾಮ) ಮಾಡಬೇಡಿ. ಮೊದಲೇ ಬಿಗಿದಿರುವ ಸ್ನಾಯುವನ್ನು ಇನ್ನಷ್ಟು ಬಿಗಿದಂತಾಗುತ್ತದೆ. ಬೇಕಾಗಿರುವುದು ಉಲ್ಟಾ. ಅಂಗಾತ ಮಲಗಿ, ಮೊಣಕಾಲಿನಡಿ ದಿಂಬು ಕೊಟ್ಟು, ಒಂದು ಕೈ ಹೊಟ್ಟೆಯ ಮೇಲಿಡಿ. ನಾಲ್ಕು ಎಣಿಸುತ್ತ ಉಸಿರು ಒಳಗೆ, ಹೊಟ್ಟೆ ಏರಲಿ. ಅದೇ ಹೊತ್ತಿಗೆ ಮೂತ್ರ ಬಿಡಲು ಶುರು ಮಾಡುವಾಗ ಕೆಳಗೆ ಸಡಿಲವಾಗುತ್ತದಲ್ಲ, ಆ ಸಡಿಲ ತನ್ನಿ. ತಿಣುಕಬಾರದು. ಆರು ಎಣಿಸುತ್ತ ಉಸಿರು ಹೊರಗೆ. ಐದು ನಿಮಿಷ, ದಿನಕ್ಕೆ ಎರಡು ಸಲ. ಬಾಲಾಸನವೂ ಒಳ್ಳೆಯದು. ದಾವಣಗೆರೆ, ಚಿತ್ರದುರ್ಗದ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗಕ್ಕೆ ಹೋಗುವ ಮುನ್ನ ಫೋನ್ ಮಾಡಿ, "ಸೊಂಟದ ತಳದ ಸ್ನಾಯುವಿಗೆ ಚಿಕಿತ್ಸೆ ಕೊಡುವ ಮಹಿಳಾ ಫಿಸಿಯೋ ಇದ್ದಾರಾ?" ಎಂದೇ ಕೇಳಿ. ಸುಮ್ಮನೆ ಸೊಂಟನೋವು ಎಂದರೆ ಬೆನ್ನಿಗೆ ಕರೆಂಟ್ ಶಾಖ ಕೊಟ್ಟು ಕಳಿಸುತ್ತಾರೆ.

ಮಲ ಗಟ್ಟಿಯಾಗಲು ಬಿಡಬೇಡಿ. ರಾತ್ರಿ ಒಂದು ಚಮಚ ಇಸಬಗೋಲು ತುಂಬಿದ ಲೋಟ ನೀರಿನಲ್ಲಿ ಕಲಸಿದ ಕೂಡಲೇ ಕುಡಿಯಿರಿ. ನೀರು ಕಡಿಮೆಯಾದರೆ ಅದೇ ಒಳಗೆ ಕಟ್ಟುತ್ತದೆ. ಮಂಡಕ್ಕಿ-ಮೆಣಸಿನಕಾಯಿ ಬಿಡಲೇಬೇಕೆಂದಿಲ್ಲ. ತಿಂದ ದಿನ ನೋವು ಏರುತ್ತದೆಯೇ ಎಂದು ನೋಟ್‌ಬುಕ್ ಹೇಳಲಿ. ಹಾಲು, ಗೋಧಿ ಎಲ್ಲ ಒಮ್ಮೆಲೇ ಬಿಡಿಸುವ ಪಥ್ಯಗಳಿಂದ ರಕ್ತಹೀನತೆಯೇ ಮೊದಲು ಬಂದೀತು.

ಬಿಸಿನೀರಿನ ಚೀಲ ಬಟ್ಟೆ ಸುತ್ತಿ 15-20 ನಿಮಿಷ ಸಾಕು. ದಿನವಿಡೀ ಇಟ್ಟುಕೊಂಡವರ ಹೊಟ್ಟೆಯ ಮೇಲೆ ಬಲೆಯ ಹಾಗೆ ಕಂದು ಗೆರೆಗಳು ಮೂಡುತ್ತವೆ, ಬೇಗ ಹೋಗುವುದಿಲ್ಲ.

ಎರಡನೇ ಆಪರೇಷನ್, ಗರ್ಭಕೋಶ ತೆಗೆಸುವುದು

ಮತ್ತೆ ಆಪರೇಷನ್ ಎಂದರೆ ಕಾರಣ ಕಾಗದದ ಮೇಲೆ ಕಾಣಬೇಕು: ಎಂಆರ್‌ಐ ಅಥವಾ ಅನುಭವಿಗಳು ಮಾಡಿದ ಯೋನಿ ಸ್ಕ್ಯಾನಿಂಗಿನಲ್ಲಿ ಆಳದ ಗಂಟು, ಬೆಳೆದ ಸಿಸ್ಟ್. ಪ್ರತಿ ಸಲ ಸಿಸ್ಟ್ ಬಿಡಿಸುವಾಗ ಅಂಡಾಶಯದ ಒಳ್ಳೆಯ ಭಾಗವೂ ಸ್ವಲ್ಪ ಹೋಗುತ್ತದೆ. ಮಗು ಬೇಕಿರುವವರು ಅಂಡಾಶಯದಲ್ಲಿ ಉಳಿದ ಅಂಡಗಳ ಅಂದಾಜು ಕೊಡುವ ಎಎಂಎಚ್ ರಕ್ತಪರೀಕ್ಷೆ ಮಾಡಿಸಿಕೊಂಡೇ ಒಪ್ಪಬೇಕು. ರೋಗ ಕರುಳಿಗೋ ಮೂತ್ರನಾಳಕ್ಕೋ ತಗುಲಿದ್ದರೆ ಕರುಳಿನ ಸರ್ಜನ್, ಯುರಾಲಜಿಸ್ಟ್ ಇಬ್ಬರೂ ಟೇಬಲ್ ಪಕ್ಕ ಸಿಗುವ ಕಡೆಗೇ ಹೋಗಬೇಕು, ಅದಕ್ಕಾಗಿ ಬೆಂಗಳೂರು ಇಲ್ಲವೇ ಮಣಿಪಾಲದ ದಾರಿ ಹಿಡಿದರೂ ಸರಿ. ಕಿಬ್ಬೊಟ್ಟೆ ಸ್ಕ್ಯಾನ್ ಮಾಡುವಾಗ ಕಿಡ್ನಿಗಳನ್ನೂ ನೋಡಿಸಿ. ಮೂತ್ರನಾಳ ನೋವಿಲ್ಲದೆಯೇ ಕಟ್ಟಿಕೊಂಡು ಕಿಡ್ನಿ ಹಾಳಾಗುವುದುಂಟು. ಬಿಪಿಎಲ್ ಕಾರ್ಡಿದ್ದರೆ ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ನೆರವಿಗೆ ಇರುವ ಆರೋಗ್ಯಮಿತ್ರರನ್ನು ಕೇಳಿ. ಬಿಲ್ ಆದ ಮೇಲೆ ಕೇಳಿದರೆ ಕಷ್ಟ.

"ಮಕ್ಕಳಾಗಿವೆಯಲ್ಲ, ತೆಗೆಸಿಬಿಡು" ಎಂಬ ಸಲಹೆ ನಮ್ಮ ಸೀಮೆಯಲ್ಲಿ ತೀರಾ ಸಲೀಸು. ಪಕ್ಕದ ರಾಣೆಬೆನ್ನೂರಿನಲ್ಲೂ ಕಲಬುರಗಿಯಲ್ಲೂ ಅನಗತ್ಯವಾಗಿ ಗರ್ಭಕೋಶ ತೆಗೆದರೆಂದು ಹೆಂಗಸರು ಬೀದಿಗಿಳಿದದ್ದುಂಟು. ಅಡೆನೊಮಯೋಸಿಸ್ ಇದ್ದು ಉಳಿದ ಚಿಕಿತ್ಸೆ ಸೋತಿದ್ದರೆ ಗರ್ಭಕೋಶ ತೆಗೆಸುವುದರಲ್ಲಿ ಅರ್ಥವಿದೆ. ಆದರೆ ಹೊರಗಿನ ಗಂಟುಗಳನ್ನು ಬಿಟ್ಟು ಗರ್ಭಕೋಶ ಮಾತ್ರ ತೆಗೆದರೆ ನೋವು ಉಳಿಯಬಹುದು. ಅಂಡಾಶಯಗಳೂ ಹೋದರೆ ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಬೇಕು, ಇಲ್ಲದಿದ್ದರೆ ಮೂಳೆ, ಹೃದಯ ಎರಡಕ್ಕೂ ಪೆಟ್ಟು.

ಕಾಯದೆ ಹೊರಡಬೇಕಾದದ್ದು

ಆಪರೇಷನ್ ಆದ ವಾರಗಳಲ್ಲಿ 100.4 ಡಿಗ್ರಿ ದಾಟಿದ ಜ್ವರ, ಗಾಯದಿಂದ ಕೀವು, ಹೊಟ್ಟೆ ಕಲ್ಲಿನಂತೆ ಗಟ್ಟಿ, ವಾಂತಿಯ ಜೊತೆ ಗಾಳಿಯೂ ಮಲವೂ ನಿಂತದ್ದು, ಒಂದು ಕಾಲು ಮಾತ್ರ ಊದಿ ನೋವು, ಎದೆ ಹಿಡಿದು ಏದುಸಿರು. ಯಾವಾಗಲಾದರೂ ಸರಿ, ಒಂದೇ ಪಕ್ಕಕ್ಕೆ ತಟ್ಟನೆ ಬಂದ ತಡೆಯಲಾಗದ ನೋವು, ಗಂಟೆಗೊಂದು ಪ್ಯಾಡ್ ತೋಯುವ ರಕ್ತಸ್ರಾವ, ಮುಟ್ಟು ತಪ್ಪಿದ್ದು ಹೊಟ್ಟೆನೋವಿನ ಜೊತೆ ತಲೆಸುತ್ತು. ಇವಕ್ಕೆ ಮರುದಿನದ ಓಪಿಡಿ ಅಲ್ಲ, 108ಕ್ಕೆ ಫೋನ್ ಮಾಡಿ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಾಗಲಿ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಾಗಲಿ, ಹತ್ತಿರದ್ದಕ್ಕೆ ಹೋಗಿ. ಹೋಗುವಾಗ ಆಪರೇಷನ್ ನೋಟ್ಸ್ ಮತ್ತು ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿಗಳು ಕೈಯಲ್ಲಿರಲಿ.