ರೆಸಿನ್ ಒಳಗಿನ ಆಸರೆ ಕಣ್ಣಿಗೆ ಬೀಳದಂತೆ ಮಾಡುವುದು ಹೇಗೆ?

ಒಣಗಿದ ಸುರಗಿ ಹೂವನ್ನೋ ತುಂಗೆಯ ದಡದ ಕಲ್ಲನ್ನೋ ಎರಡು ದ್ರವಗಳನ್ನು ಬೆರೆಸಿದಾಗ ಗಟ್ಟಿಯಾಗುವ ಪಾರದರ್ಶಕ ಎಪಾಕ್ಸಿ ರೆಸಿನ್‌ನಲ್ಲಿ ಹುದುಗಿಸುವಾಗ ಕಲ್ಲು ತಳಕ್ಕಿಳಿಯುತ್ತದೆ, ಹಗುರವಾದ ಹೂವು ಮೇಲಕ್ಕೇಳುತ್ತದೆ. ನಡುವೆ ನಿಲ್ಲಿಸಲು ಆಸರೆ ಬೇಕು. ಆದರೆ ಅನೇಕರ ಕೆಲಸದಲ್ಲಿ ಹೂವಿಗಿಂತ ಮೊದಲು ಕಣ್ಣಿಗೆ ಬೀಳುವುದು ಆ ಆಸರೆಯೇ.

ಎರಡು ಪಾರದರ್ಶಕ ವಸ್ತುಗಳ ವಕ್ರೀಭವನ ಸೂಚ್ಯಂಕ (ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ಬೇರೆಯಾದಾಗ ಅವುಗಳ ನಡುವಿನ ಅಂಚು ಕಾಣುತ್ತದೆ. ಅಕ್ರಿಲಿಕ್‌ನ ಸೂಚ್ಯಂಕ ಸುಮಾರು 1.49, ಎಪಾಕ್ಸಿಯದು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು. ಹೀಗಾಗಿ ಅಂಗಡಿಯ ಅಕ್ರಿಲಿಕ್ ಕಡ್ಡಿ ಬೇಡ, ಮೀನಿನ ಗಾಳದ ದಾರವೂ ಬೇಡ. ಎರಕಕ್ಕೆ ಬಳಸುವ ಅದೇ ಡಬ್ಬಿಯ ರೆಸಿನ್‌ನಿಂದಲೇ ಆಸರೆಯನ್ನೂ ಮಾಡಿಕೊಳ್ಳಬೇಕು. ಪಾಲಿಥೀನ್ ಹಾಳೆಯ ಮೇಲೆ ತೆಳುವಾಗಿ ಹರಡಿ, ಅದು ಚರ್ಮದಷ್ಟು ಬಾಗುವ ಹಂತಕ್ಕೆ ಬಂದಾಗ ಕತ್ತರಿಯಿಂದ ಪಟ್ಟಿಗಳನ್ನು ಕತ್ತರಿಸಿ, ಪೂರ್ತಿ ಗಟ್ಟಿಯಾಗಲು ಬಿಡಿ. ಮಿಶ್ರಣದ ಪ್ರಮಾಣ ತೂಕದಲ್ಲೋ ಅಳತೆಯಲ್ಲೋ ಎಂದು ನಮೂದಿಸದ ಅಗ್ಗದ ಡಬ್ಬಿಗಳನ್ನು ಕೊಳ್ಳಲೇಬೇಡಿ.

ಹೆಚ್ಚಿನವರು ಎಡವುವುದು ಇದರ ನಂತರ. ಮಲೆನಾಡಿನ ಮಳೆಗಾಲದ ತೇವದಲ್ಲಿ ಗಟ್ಟಿಯಾಗುವ ಎಪಾಕ್ಸಿಯ ಮೇಲೆ ಮೇಣದಂಥ ಪೊರೆ ಕಟ್ಟುವುದುಂಟು. ಅದನ್ನು ತೊಳೆಯದೆ ಮೇಲೆ ಎರೆದರೆ ಆಸರೆಯ ಸುತ್ತ ಮಬ್ಬು ಗೆರೆ ಉಳಿದುಬಿಡುತ್ತದೆ. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿ, ಆಮೇಲೆ ಸ್ಯಾಂಡ್‌ಪೇಪರ್‌ನಿಂದ ಎಲ್ಲ ಮುಖಗಳನ್ನೂ ಉಜ್ಜಿ. ಪಟ್ಟಿ ಬೆಳ್ಳಗಾಯಿತೆಂದು ಹೆದರಿ ಪಾಲಿಶ್ ಹಾಕಲು ಹೋಗಬೇಡಿ: ಹೊಸ ರೆಸಿನ್ ಆ ಗೀರುಗಳನ್ನು ತುಂಬಿದೊಡನೆ ಬಿಳುಪು ಮಾಯವಾಗುತ್ತದೆ, ಹಿಡಿತವೂ ಬಲವಾಗುತ್ತದೆ. ಮಾಯವಾಗದೆ ಉಳಿಯುವುದು ಧೂಳು, ಬೆರಳಿನ ಜಿಡ್ಡು ಮತ್ತು ಗಾಳಿ. ಆದ್ದರಿಂದ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಸಂಪೂರ್ಣ ಆರಿದ ಮೇಲೆ ಕೈಗವಸು ತೊಟ್ಟೇ ಮುಟ್ಟಿ.

ಹೂವನ್ನು ಆಸರೆಗೆ ಅಂಟಿಸಲು ಅದೇ ರೆಸಿನ್‌ನ ಒಂದು ಹನಿ ಸಾಕು. ಗಡಿಬಿಡಿಯಲ್ಲಿ ದಿಢೀರ್ ಅಂಟು ಬಳಸಿದರೆ ಅದು ಬಿಳಿ ಮಂಜಿನಂತೆ ಹರಡುತ್ತದೆ, ಬಿಸಿ ಅಂಟಿನ ಉಂಡೆಯಂತೂ ಎದ್ದು ಕಾಣುತ್ತದೆ. ಆಸರೆಯ ಬುಡವನ್ನು ಅಚ್ಚಿನ ತಳದ ಮೊದಲ ಪದರಕ್ಕೆ, ಅದು ಇನ್ನೂ ಜಿಗುಟಾಗಿರುವಾಗಲೇ ಊರಿ. ಎರೆಯುವ ಮುನ್ನ ಸಣ್ಣ ಕುಂಚದಿಂದ ಆಸರೆಗೂ ಹೂವಿನ ಎಸಳುಗಳಿಗೂ ತಾಜಾ ರೆಸಿನ್ ಬಳಿಯುವುದನ್ನು ತಪ್ಪಿಸಬೇಡಿ; ಎರಡೂ ಕೂಡುವ ಸಂದಿನಲ್ಲಿ ಸಿಕ್ಕಿಕೊಂಡ ಒಂದೇ ಒಂದು ಗುಳ್ಳೆ ಇಡೀ ಆಸರೆಯನ್ನು ತೋರಿಸಿಕೊಡುತ್ತದೆ.

ಗಾಳಿಯಾಡುವ ಕೋಣೆಯಲ್ಲಿ, ಡಬ್ಬಿಯಲ್ಲಿ ಹೇಳಿದ ದಪ್ಪವನ್ನು ಮೀರದಂತೆ, ಅಚ್ಚಿನ ಒಂದು ಮೂಲೆಯಿಂದ ನಿಧಾನವಾಗಿ ಎರೆಯಿರಿ. ಗಟ್ಟಿಯಾದ ಮೇಲೆ ಅಚ್ಚಿನಿಂದ ತೆಗೆದು, ಹೊರಮೈಯನ್ನು ಮಾತ್ರ ಪಾಲಿಶ್ ಮಾಡಿ.