ಥಾಯ್ಲೆಂಡ್‌ನಲ್ಲಿ ಕಡಲ ಪಕ್ಕ ಮನೆ ಕೊಂಡಿದ್ದು ಹೇಗೆ: ನನ್ನ ಅನುಭವ

ಥಾಯ್ಲೆಂಡ್‌ನ ಹುವಾ ಹಿನ್‌ನಲ್ಲಿ ನಾನು ಕೊಂಡಿದ್ದು ಕಾಂಡೋ, ಅಂದರೆ ಅಪಾರ್ಟ್‌ಮೆಂಟಿನ ಒಂದು ಫ್ಲ್ಯಾಟ್. ವಿಲ್ಲಾ ಯಾಕೆ ತಗೊಳ್ಳಲಿಲ್ಲ ಅಂತ ತುಂಬ ಜನ ಕೇಳುತ್ತಾರೆ. ಉತ್ತರ ಸುಲಭ. ಅಲ್ಲಿ ಸಾಮಾನ್ಯವಾಗಿ ವಿದೇಶಿಯರ ಹೆಸರಿಗೆ ಜಮೀನು ಆಗುವುದಿಲ್ಲ. ವಿಲ್ಲಾ ಅಂದರೆ ನೆಲ ಲೀಸಿಗೆ, ಅದೂ ಹೆಚ್ಚೆಂದರೆ 30 ವರ್ಷ.

ಏಜೆಂಟರು ಇದನ್ನು "30+30+30, ಒಟ್ಟು 90 ವರ್ಷ ನಿಮ್ಮದೇ" ಅಂತ ಮಾರುತ್ತಾರೆ. ಕಾನೂನಿನಲ್ಲಿ ಗಟ್ಟಿಯಾಗಿರುವುದು ಮೊದಲ 30 ಮಾತ್ರ. ಮುಂದಿನದು ಮಾಲೀಕ ಕೊಟ್ಟ ಮಾತು, ಆಗ ಅವನು ಇರುತ್ತಾನೋ, ಅವನ ಮಕ್ಕಳು ಇರುತ್ತಾರೋ ಯಾರಿಗೆ ಗೊತ್ತು? ಇನ್ನೊಂದು ದಾರಿ ತೋರಿಸುವವರೂ ಇದ್ದಾರೆ: ಥಾಯ್ ಜನರ ಹೆಸರು ಹಾಕಿ ಒಂದು ಕಂಪನಿ ಮಾಡಿ, ಅದರ ಹೆಸರಲ್ಲಿ ಜಮೀನು ತಗೊಳ್ಳಿ ಅಂತ. ಹಾಗೆ ಬರೀ ಹೆಸರಿಗೆ ಪಾಲುದಾರರನ್ನು ಇಟ್ಟುಕೊಳ್ಳುವುದು ಅಲ್ಲಿ ಅಪರಾಧ. ಆ ಕಡೆ ತಲೆ ಹಾಕಲೇ ಇಲ್ಲ.

ಕಾಂಡೋ ಬೇರೆ. 1979ರ ಕಾಂಡೋಮಿನಿಯಂ ಕಾಯ್ದೆ ಪ್ರಕಾರ ಫ್ಲ್ಯಾಟ್ ಪೂರ್ತಿ ನಮ್ಮ ಹೆಸರಿಗೇ ಆಗುತ್ತದೆ. ಮೊದಲ ಷರತ್ತು: ಕಟ್ಟಡದ ಒಟ್ಟು ಫ್ಲ್ಯಾಟ್‌ಗಳ ವಿಸ್ತೀರ್ಣದಲ್ಲಿ ವಿದೇಶಿಯರ ಪಾಲು 49 ಪ್ರತಿಶತ ದಾಟಬಾರದು. ಗಮನಿಸಿ, ಇದು ಫ್ಲ್ಯಾಟ್‌ಗಳ ಸಂಖ್ಯೆಯ ಲೆಕ್ಕ ಅಲ್ಲ, ವಿಸ್ತೀರ್ಣದ ಲೆಕ್ಕ. ಕಡಲ ಮುಂದಿನ ಕಟ್ಟಡಗಳಲ್ಲಿ ಈ ಕೋಟಾ ಬೇಗ ತುಂಬಿಬಿಡುತ್ತದೆ. ಹಾಗಾಗಿ ಫ್ಲ್ಯಾಟ್ ಇಷ್ಟ ಆದ ತಕ್ಷಣ ನಾನು ಕೇಳಿದ್ದು ಕೋಟಾ ಉಳಿದಿದೆಯಾ ಅಂತ. ಕಟ್ಟಡದ ಆಡಳಿತ ಕಚೇರಿ ಇದನ್ನು ಪತ್ರದಲ್ಲಿ ಬರೆದು ಕೊಡುತ್ತದೆ. ಬಾಯಿ ಮಾತು ಸಾಲದು, ರಿಜಿಸ್ಟ್ರೇಷನ್ ದಿನ ಆ ಪತ್ರ ಬೇಕೇ ಬೇಕು.

ಈಗ ದುಡ್ಡಿನ ವಿಷಯ. ಇಡೀ ವ್ಯವಹಾರದಲ್ಲಿ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಇದಕ್ಕೇ. ವಿದೇಶಿಯರು ಕಾಂಡೋ ಕೊಂಡರೆ ದುಡ್ಡು ಹೊರದೇಶದಿಂದ, ವಿದೇಶಿ ಕರೆನ್ಸಿಯಲ್ಲಿ ಬಂದಿದೆ ಅಂತ ಅಲ್ಲಿನ ಲ್ಯಾಂಡ್ ಆಫೀಸಿಗೆ ತೋರಿಸಬೇಕು. ಡಾಲರ್ ಆಗಿ ಹೋಗಿ, ಥಾಯ್ ಬ್ಯಾಂಕಿನಲ್ಲೇ ಅಲ್ಲಿನ ಕರೆನ್ಸಿ ಬಹ್ತ್‌ಗೆ ಬದಲಾಗಬೇಕು. ಆಗ ಆ ಬ್ಯಾಂಕ್ ಒಂದು ಪ್ರಮಾಣಪತ್ರ ಕೊಡುತ್ತದೆ, ಎಲ್ಲರೂ ಎಫ್‌ಇಟಿ ಫಾರ್ಮ್ ಅನ್ನುತ್ತಾರೆ. ನಮ್ಮ ಬ್ಯಾಂಕಿನವರು "ಇಲ್ಲೇ ಬಹ್ತ್ ಮಾಡಿ ಕಳಿಸ್ತೀವಿ ಸರ್, ರೇಟ್ ಚೆನ್ನಾಗಿದೆ" ಅಂದರು. ಬೇಡ ಅಂದೆ. ಬಹ್ತ್ ಆಗಿ ಹೋದರೆ ಆ ಕಾಗದ ಸಿಗುವುದಿಲ್ಲ, ಅದಿಲ್ಲದೆ ಫ್ಲ್ಯಾಟ್ ನನ್ನ ಹೆಸರಿಗೆ ಆಗುವುದಿಲ್ಲ. ಕಳಿಸುವವರ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಬೇಕು, ಉದ್ದೇಶದ ಜಾಗದಲ್ಲಿ ಕಾಂಡೋ ಖರೀದಿ ಅಂತ ಸ್ಪಷ್ಟವಾಗಿ ಬರೆದಿರಬೇಕು. ಮುಂದೆ ಮನೆ ಮಾರಿ ದುಡ್ಡು ವಾಪಸ್ ತರುವಾಗಲೂ ಇದೇ ಕಾಗದ ಕೆಲಸಕ್ಕೆ ಬರುತ್ತದೆ, ಅದಕ್ಕೇ ಮೂಲಪ್ರತಿಯನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟಿದ್ದೇನೆ.

ಭಾರತದ ಕಡೆಯ ನಿಯಮ ಎಲ್‌ಆರ್‌ಎಸ್, ಅಂದರೆ ಇಲ್ಲಿ ವಾಸಿಸುವವರು ಹೊರದೇಶಕ್ಕೆ ದುಡ್ಡು ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ವ್ಯವಸ್ಥೆ. ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ತನಕ ಕಳಿಸಬಹುದು. ಸಾಲದಿದ್ದರೆ ಹತ್ತಿರದ ಸಂಬಂಧಿಕರ ಮಿತಿಯನ್ನೂ ಸೇರಿಸಿಕೊಳ್ಳಬಹುದು. ಇದಕ್ಕೆ ಇಲ್ಲಿನ ಬ್ಯಾಂಕ್ ಸಾಲ ಕೊಡುವ ಹಾಗಿಲ್ಲ, ಸ್ವಂತ ದುಡ್ಡೇ ಆಗಬೇಕು. ದುಡ್ಡು ಕಳಿಸುವಾಗ ಬ್ಯಾಂಕಿಗೆ ಕೊಡುವ ಎ2 ಫಾರ್ಮಿನಲ್ಲಿ ವಿದೇಶಿ ಆಸ್ತಿಯ ಕೋಡ್ ಎಸ್0005, ಅದನ್ನೇ ಹಾಕಿಸಿ. 2025ರ ಏಪ್ರಿಲ್‌ನಿಂದ, ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೇಲಿನ ಮೊತ್ತಕ್ಕೆ 20 ಪ್ರತಿಶತ ಟಿಸಿಎಸ್, ಅಂದರೆ ಬ್ಯಾಂಕಿನವರೇ ಮೊದಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ. ರಿಟರ್ನ್ ಹಾಕುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು ನಿಜ, ಆದರೆ ಅಲ್ಲಿಯ ತನಕ ಅಷ್ಟು ದುಡ್ಡು ಕೈಯಲ್ಲಿ ಇರುವುದಿಲ್ಲ. ಮನೆಯ ಬೆಲೆ ಜೊತೆಗೆ ಇದನ್ನೂ ಎತ್ತಿಡಬೇಕು.

ರಿಜಿಸ್ಟ್ರೇಷನ್ ಬೇಗ ಮುಗಿಯಿತು. ಮಾರುವವರು ಮೇಂಟೆನೆನ್ಸ್ ಬಾಕಿ ಇಲ್ಲ ಅನ್ನುವ ಪತ್ರ ತಂದರು, ನಾನು ಕ್ಯಾಷಿಯರ್ ಚೆಕ್ (ಬ್ಯಾಂಕೇ ಬರೆದು ಕೊಡುವ ಚೆಕ್) ಕೊಟ್ಟೆ, ಅದೇ ದಿನ ಹಕ್ಕುಪತ್ರ ಕೈಗೆ ಬಂತು. ಅದರಲ್ಲಿ ಇಸವಿ ನೋಡಿ ಗಾಬರಿ ಬೀಳಬೇಡಿ, ಅವರದು ಬೌದ್ಧ ಶಕೆ, ನಮ್ಮ ಇಸವಿಗೆ 543 ಸೇರಿಸಬೇಕು. ವರ್ಗಾವಣೆ ಶುಲ್ಕ ಸರ್ಕಾರಿ ಮೌಲ್ಯದ 2 ಪ್ರತಿಶತ. ಅರ್ಧರ್ಧ ಹಂಚಿಕೊಂಡೆವು. ಮಾರುವವರು ಕೊಂಡು 5 ವರ್ಷ ಆಗಿರದಿದ್ದರೆ ಸಾಮಾನ್ಯವಾಗಿ 3.3 ಪ್ರತಿಶತ ಇನ್ನೊಂದು ತೆರಿಗೆ ಬೀಳುತ್ತದೆ, ಅದು ಯಾರ ತಲೆಗೆ ಅಂತ ಅಗ್ರಿಮೆಂಟಿನಲ್ಲೇ ಬರೆಸಿದ್ದೆವು. ವಕೀಲರನ್ನು ನಾನೇ ಹುಡುಕಿದೆ, ಏಜೆಂಟ್ ಹೇಳಿದವರನ್ನಲ್ಲ.

ಊರು ಆರಿಸುವಾಗ ಮಳೆ ನೋಡಿ. ಪಶ್ಚಿಮ ಕರಾವಳಿಯ ಫುಕೆಟ್ ಕಡೆ ಮೇಯಿಂದ ಅಕ್ಟೋಬರ್ ತನಕ ಮಳೆ, ಸಮುದ್ರ ಒರಟು. ಹುವಾ ಹಿನ್ ಇರುವುದು ಥಾಯ್ಲೆಂಡ್ ಕೊಲ್ಲಿಯ ಕಡೆ, ಅಲ್ಲಿ ಜೋರು ಮಳೆ ಅಕ್ಟೋಬರ್ ಆಸುಪಾಸು. ಉಬ್ಬರ ಬಂದಾಗ ಮರಳೇ ಕಾಣದ ಹಾಗೆ ನೀರು ಗೋಡೆ ತನಕ ಬರುವ ಜಾಗಗಳೂ ಇವೆ. ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲ, ಉಬ್ಬರದ ಹೊತ್ತಿಗೇ ಹೋಗಿ ನೋಡಬೇಕು.

ಉಪ್ಪುಗಾಳಿ ಯಾವುದನ್ನೂ ಬಿಡುವುದಿಲ್ಲ. ಎಸಿಯ ಹೊರಗಿನ ಯೂನಿಟ್, ಬಾಗಿಲ ಹಿಂಜು, ಬಾಲ್ಕನಿಯ ಕಂಬಿ, ಎಲ್ಲ ತುಕ್ಕು. ಹಾಗಾಗಿ ಹಳೇ ಕಟ್ಟಡವಾದರೆ ಬಾಲ್ಕನಿಯ ಕಾಂಕ್ರೀಟಿನಲ್ಲಿ ಬಿರುಕು, ಕಂದು ಕಲೆ ಇದೆಯಾ ನೋಡಿ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತಿದೆ ಅಂತ ಅರ್ಥ. ದುರಸ್ತಿಗೆ ಕಟ್ಟಡದ ಸಿಂಕಿಂಗ್ ಫಂಡಿನಲ್ಲಿ, ಅಂದರೆ ದೊಡ್ಡ ರಿಪೇರಿಗೆ ಅಂತ ಕೂಡಿಟ್ಟ ನಿಧಿಯಲ್ಲಿ, ಎಷ್ಟು ದುಡ್ಡಿದೆ ಅಂತಲೂ ಕೇಳಿ. ನಾನು ಕಡಲಿಗೆ ತೀರಾ ಮುಖ ಮಾಡಿದ ಫ್ಲ್ಯಾಟ್ ಬಿಟ್ಟು, ಪಕ್ಕದ ಸಾಲಿನದು ತಗೊಂಡೆ. ನೋಟ ಸ್ವಲ್ಪ ಕಡಿಮೆ, ರಿಪೇರಿ ತುಂಬ ಕಡಿಮೆ.

ಬಾಡಿಗೆ ಕನಸು ಇದ್ದರೆ ಒಂದು ಮಾತು. ಹೋಟೆಲ್ ಲೈಸೆನ್ಸ್ ಇಲ್ಲದೆ ದಿನದ ಲೆಕ್ಕದಲ್ಲಿ ಕೊಡುವ ಹಾಗಿಲ್ಲ, ನಾನು ಕೊಡುವುದು ತಿಂಗಳ ಲೆಕ್ಕದಲ್ಲಿ ಮಾತ್ರ. ವಿದೇಶಿಯರು ಬಂದು ಉಳಿದರೆ 24 ಗಂಟೆಯೊಳಗೆ ಇಮಿಗ್ರೇಷನ್‌ಗೆ ತಿಳಿಸಬೇಕು, ಅದಕ್ಕೆ ಟಿಎಂ30 ಅಂತ ಫಾರ್ಮ್ ಇದೆ. ಮನೆ ಇದೆ ಅಂದ ಮಾತ್ರಕ್ಕೆ ವೀಸಾ ತಾನಾಗಿ ಸಿಗುವುದಿಲ್ಲ, ನಾನೂ ಟೂರಿಸ್ಟ್ ಥರವೇ ಹೋಗಿ ಬರುತ್ತೇನೆ. ಇನ್ನು ನಮ್ಮ ಐಟಿ ರಿಟರ್ನಿನಲ್ಲಿ ವಿದೇಶಿ ಆಸ್ತಿ ತೋರಿಸಲು ಶೆಡ್ಯೂಲ್ ಎಫ್‌ಎ ಅಂತ ಒಂದು ಭಾಗ ಇದೆ. ಬಾಡಿಗೆ ಬರಲಿ ಬಿಡಲಿ, ಈ ಮನೆಯನ್ನು ಪ್ರತಿವರ್ಷ ಅಲ್ಲಿ ತೋರಿಸಲೇಬೇಕು.